ಗ್ಲಾಸು ಹಿಡಿದ ಕೈಗೆ ಅಣ್ಣನ ಫೋನು

ನಮ್ಮ ಮನೆಯಲ್ಲಿ ಅನ್ನಕ್ಕೆ ಬರ ಬಂದರೂ ಮರ್ಯಾದೆಗೆ ಬಂದದ್ದಿಲ್ಲ. ಅಣ್ಣ ನಿಂತಿದ್ದರೆ ನಾನು ಕೂರುವಂತಿಲ್ಲ, ಅವನೆದುರು ಕಾಲ ಮೇಲೆ ಕಾಲು ಹಾಕುವಂತಿಲ್ಲ. ಹೈಸ್ಕೂಲು ಮೇಷ್ಟ್ರಾಗಿ ಮಕ್ಕಳನ್ನು ಹೆದರಿಸಿಯೇ ರಿಟೈರಾದ ನಾನು, ಈ ವಯಸ್ಸಿನಲ್ಲೂ ಅಣ್ಣ ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದೆ. ನನ್ನನ್ನು ಹಾಳು ಮಾಡಿದ್ದೂ ಈ ಗುಣವೇ.

ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕಾಗಿದ್ದವನು ಅವನು. ಕ್ಯಾಲನೂರಿನ ಹತ್ತಿರ ಅವನದು ದ್ರಾಕ್ಷಿ ತೋಟ. ನಮ್ಮ ಕಡೆಯ ಬೆಳೆಗಾರರು ಹತ್ತು ಜನ ಸೇರಿ ಪ್ರವಾಸ ಗೊತ್ತು ಮಾಡಿದ್ದರು. ಅಲ್ಲಿ ವೈನು, ಕಾಡುಪ್ರಾಣಿ, ಮರುಭೂಮಿ ಮೂರೂ ಒಂದೇ ವಾರದಲ್ಲಿ ನೋಡಲು ಸಿಗುತ್ತವಂತೆ. ಅಷ್ಟರಲ್ಲಿ ಅಣ್ಣನ ಎದೆ ಕೈಕೊಟ್ಟಿತು, ಡಾಕ್ಟರು ವಿಮಾನ ಬೇಡವೆಂದರು. "ನೀನು ಹೋಗಿ ಬಾರೋ. ಅಲ್ಲಿ ಬಳ್ಳಿ ಹೆಂಗೆ ಕಟ್ತಾರೆ ನೋಡಿ, ದಿನಾ ಫೋನಲ್ಲಿ ಹೇಳು" ಅಂದ. ಬಳ್ಳಿಗೂ ನನಗೂ ಇರುವ ನಂಟು ಪಾಯಸದ ಒಣದ್ರಾಕ್ಷಿಯ ತನಕ ಮಾತ್ರ. ಆದರೂ ಅಣ್ಣನಿಗೆ ಇಲ್ಲವೆನ್ನುವುದು ಹೇಗೆ? ಹೊರಟೆ.

ಮೂರು ದಿನ ತಪ್ಪದೆ ವರದಿ ಒಪ್ಪಿಸಿದೆ. ನಾಲ್ಕನೆಯ ದಿನ ವೈನು ರುಚಿ ನೋಡಿಸುವ ಕಡೆ ಕರೆದೊಯ್ದರು. ಬಾಯಿ ಮುಕ್ಕಳಿಸಿ ಉಗಿಯಲು ಬಕೆಟ್ಟು ಇಟ್ಟಿದ್ದರು; ನಮ್ಮವರು ಯಾರೂ ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾನು ಆರನೆಯ ಗ್ಲಾಸಿನಲ್ಲಿದ್ದಾಗ ಅಣ್ಣ ವಿಡಿಯೋದಲ್ಲಿ ಕರೆದ. ಅವನೆದುರು ನಾನು ಬೀಡಿ ಕೂಡ ಸೇದಿದವನಲ್ಲ. ಈ ಮುಖ ಹೇಗೆ ತೋರಿಸಲಿ? ಕಟ್ ಮಾಡಿದೆ. ಮತ್ತೆ ಕರೆದ, ಮತ್ತೆ ಕಟ್ ಮಾಡಿದೆ. ನಾಳೆ ಸ್ನಾನ ಮಾಡಿ ಮಾತಾಡೋಣ, ಹಿರಿಯರಿಗೆ ಅಷ್ಟಾದರೂ ಮರ್ಯಾದೆ ಬೇಡವೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಮರುಭೂಮಿ. ಕಣ್ಣು ಹಾಯುವಷ್ಟೂ ಕಲ್ಲು, ಕುರುಚಲು, ದೂರದಲ್ಲಿ ನಾಲ್ಕು ಉಷ್ಟ್ರಪಕ್ಷಿ. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ, ಮುಳಬಾಗಿಲಿನ ಬೇಸಿಗೆ ಸಾಲದೇ ಎಂದು ನಗುತ್ತಿದ್ದಾಗ ಅಣ್ಣನ ಮಗನ ಫೋನು ಬಂತು. ಬೆಳಗಿನ ಜಾವ ಅಪ್ಪ ಹೋಗಿಬಿಟ್ಟರು ಎಂದ. ನನಗೆ ಅಳು ಬರಲಿಲ್ಲ, ಭಯವಾಯಿತು. ಸಾವಿನ ಸುದ್ದಿ ಕೇಳಿದವನು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು. ಅಲ್ಲಿ ನೀರೆಲ್ಲಿ? ಬಸ್ಸಿನ ಮಗ್ಗುಲಿಗೆ ಹೋಗಿ, ದಕ್ಷಿಣಕ್ಕೆ ತಿರುಗಿ, ಕುಡಿಯುವ ನೀರಿನ ಬಾಟಲಿಯನ್ನು ನೆತ್ತಿಯ ಮೇಲೆ ಬಗ್ಗಿಸಿದೆ. ಬಿಸಿಲಿಗೆ ಒಳ್ಳೆಯ ಉಪಾಯವೆಂದು ನಮ್ಮವರೂ ಒಬ್ಬೊಬ್ಬರಾಗಿ ಸುರಿದುಕೊಂಡರು. ಆಮೇಲೆ ಬಸ್ಸಿನಲ್ಲಿ ಕುಡಿಯಲು ಉಳಿದದ್ದು ವೈನು ಮಾತ್ರ.

ಶ್ರೀನಿವಾಸಪುರದ ನಾರಾಯಣಪ್ಪನೊಬ್ಬ ಸುರಿದುಕೊಳ್ಳಲಿಲ್ಲ. ಹತ್ತಿರ ಬಂದು, "ಎವರು ಪೋಯಿನಾರು, ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದ. ಯಾರು ಹೋದರು ಎಂದು ನಮ್ಮ ಗಡಿ ತೆಲುಗಿನಲ್ಲಿ. ಅಣ್ಣ ಎಂದೆ. ತನ್ನ ಬಾಟಲಿಯನ್ನೂ ನನ್ನ ತಲೆಗೇ ಸುರಿದ. ಕೊನೆಗೆ ಮಾತಾಡಿದಿರಾ ಎಂದದ್ದಕ್ಕೆ, ನಿನ್ನೆ ಫೋನ್ ಮಾಡಿದ್ದ ಎಂದೆ. ಸುಳ್ಳಂತೂ ಅಲ್ಲ.

ಆ ಮಾತು ನನಗಿಂತ ಮೊದಲೇ ಊರು ಸೇರಿತ್ತು. ಹನ್ನೊಂದನೆಯ ದಿನ ಪಂಕ್ತಿಯಲ್ಲಿ ಕೂತಾಗ, ಕೊನೆಗೆ ತಮ್ಮನನ್ನೇ ನೆನೆದರಂತಲ್ಲ, ಏನಂದರು ಎಂದು ಪಕ್ಕದವರು ಕೇಳಿದರು. ಮೇಷ್ಟ್ರ ಬಾಯಿ, ಸುಮ್ಮನಿರಲಿಲ್ಲ. ಬಳ್ಳಿ ವಿಚಾರ ಕೇಳಿದ, ಹುಷಾರಾಗಿ ಬಾ ಅಂದ ಎಂದೆ. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಆ ದಿನ ನನಗೆ ಕರೆ ಮಾಡುವಾಗ ಅಣ್ಣನ ಕೈಯಲ್ಲಿ ಬಲವಿಲ್ಲದೆ ಅತ್ತಿಗೆಯೇ ಫೋನು ಹಿಡಿದು ಕೂತಿದ್ದರೆಂದು ಅವನ ಮಗ ಹೇಳಿದ್ದು ಆಮೇಲೆ ನೆನಪಾಯಿತು. ಅತ್ತಿಗೆ ಎದುರಿನ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದರು.

"ಹೌದು, ಹಂಗೇ ಅಂದ್ರು" ಅಂದರು.

ನಾನು ತಲೆ ತಗ್ಗಿಸಿ ವಡೆ ತಿಂದೆ. ಎರಡನೆಯದು ಬಡಿಸಲು ಬಂದಾಗ ಬೇಡವೆನ್ನಲೂ ಇಲ್ಲ.