ದೊಡ್ಡಪ್ಪನ ರಾಜ್ಯದಲ್ಲಿ ‘ಒಲ್ಲೆ’

ನಮ್ಮ ದೊಡ್ಡಪ್ಪ ಒಂದು ರಾಜ್ಯವನ್ನೇ ಬುಡಮೇಲು ಮಾಡಿದವರು ಎಂದರೆ ನೀವು ನಂಬಲಿಕ್ಕಿಲ್ಲ. ಅವರನ್ನು ಕಣ್ಣಾರೆ ಕಂಡವರಂತೂ ನಂಬುವುದೇ ಇಲ್ಲ. ಬಾಗಿಲಲ್ಲಿ ಒಂದು ಚಪ್ಪಲಿ ಬುಡಮೇಲಾಗಿ ಬಿದ್ದಿದ್ದರೆ, ಅದು ಯಾರದೆಂದು ಪತ್ತೆಯಾಗುವವರೆಗೆ ಮನೆಮಂದಿಗೆಲ್ಲ ಚಹಾ ಬಂದ್ ಮಾಡುತ್ತಿದ್ದ ಮನುಷ್ಯ ಅವರು!

ಐವತ್ತರ ದಶಕದ ನಾಗಪುರ ಅದು. ಧಾರವಾಡದ ಕಡೆಯಿಂದ ನೌಕರಿಗೆಂದು ಬಂದ ದೊಡ್ಡಪ್ಪ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ಅವರ ಬೆನ್ನಿಗೇ ಬಂದ ನಮ್ಮಪ್ಪ ಅಲ್ಲಿಯೇ ಬರೀ ಕ್ಲಾರ್ಕ್. ಎರಡೂ ಸಂಸಾರಕ್ಕೆ ಒಂದೇ ಕ್ವಾರ್ಟರ್ಸು, ಒಂದೇ ಒಲೆ, ಒಂದೇ ಗಂಟೆ. ಗಂಟೆ ಎಂದರೆ ಗಡಿಯಾರ ಅಂದುಕೊಳ್ಳಬೇಡಿ. ಸ್ಟೇಷನ್ನುಗಳಲ್ಲಿ ತೂಗುಹಾಕುತ್ತಾರಲ್ಲ, ಆ ತರಹದ ರೈಲು ಹಳಿಯ ತುಂಡು! ಅದು ನಮ್ಮ ಪಡಸಾಲೆಯಲ್ಲಿ ತೂಗುತ್ತಿತ್ತು. ದೊಡ್ಡಪ್ಪ ಅದಕ್ಕೆ ಬಡಿದರೆ ನಾವು ಏಳಬೇಕು, ಬಡಿದರೆ ಮೀಯಬೇಕು, ಬಡಿದರೆ ಉಣ್ಣಬೇಕು. ಊರಿಂದ ಬಂದ ನೆಂಟರು ಮೊದಲ ದಿನ ಬೆಚ್ಚಿಬೀಳುತ್ತಿದ್ದರು, ಮರುದಿನ ತಾವಾಗಿಯೇ ಬಚ್ಚಲ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಸಂತ್ರಿ, ಅಂದರೆ ಕಿತ್ತಳೆ ಹಣ್ಣಿನ ಸಿಪ್ಪೆ ಒಂದೇ ತುಂಡಾಗಿ ಬರಬೇಕು, ಹರಿದರೆ ಆ ಹಣ್ಣು ನನ್ನ ತಮ್ಮನಿಗೆ. ಹುಡುಗಿಯರ ಮದುವೆ ಮ್ಯಾಟ್ರಿಕ್ಕಿಗೆ ಮೊದಲೇ ಆಗಬೇಕು. ನನ್ನ ಅಕ್ಕ ಹಾಗೇ ಹೋಗಿದ್ದಳು. ಮ್ಯಾಟ್ರಿಕ್ ಪಾಸಾಗಲೇಬೇಕೆಂಬ ಆಸೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ನಾನು ಅದನ್ನು ಯಾರೆದುರೂ ಬಾಯಿಬಿಟ್ಟಿರಲಿಲ್ಲ.

ಬಾಯಿ ಬಿಡುವುದಾದರೂ ಹೇಗೆ? ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೊಂದಿತ್ತಲ್ಲ!

“ಈ ಮನ್ಯಾಗ ಒಲ್ಲೆ ಅನ್ನೂ ಮಾತಿಲ್ಲ!”

ತಾಟಿಗೆ ಬಡಿಸಿದ್ದನ್ನು ಒಲ್ಲೆ ಎನ್ನುವಂತಿಲ್ಲ. ಹೇಳಿದ ಕೆಲಸ ಒಲ್ಲೆ ಎನ್ನುವಂತಿಲ್ಲ. ಸಕ್ಕರೆ ಕಾಯಿಲೆಯ ಬೀಗರೊಬ್ಬರು ಈ ಕಟ್ಟಳೆಗೆ ಹೆದರಿ ಹೋಳಿಗೆಯ ಮೇಲೆ ಹೋಳಿಗೆ ತಿಂದು, ಆಮೇಲೆ ನಾಗಪುರದ ದಿಕ್ಕಿಗೇ ತಲೆ ಹಾಕಲಿಲ್ಲ.

ಇಂಥ ಮನುಷ್ಯ ಒಂದು ರವಿವಾರ ಮಧ್ಯಾಹ್ನ ಹಳಿ ಬಡಿದು, ಮಕ್ಕಳನ್ನೆಲ್ಲ ಸಾಲಾಗಿ ಕೂಡಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು:

“ನಾ ಒಂದು ಕಾದಂಬರಿ ಬರ್ಯಾಕತ್ತೇನಿ. ಸಣ್ಣ ಹುಡುಗರದು. ಮಾಯಾ ಮಂತ್ರ ಎಲ್ಲಾ ಐತಿ. ಗಪ್ಪಾಗಿ ಕೇಳ್ರಿ.”

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಲಟ್ಟಣಿಗೆ ಜಾರಿ ಬಿತ್ತು. ದೊಡ್ಡವ್ವ ಓಡಿ ಬಂದು ಗಂಡನ ಹಣೆ ಮುಟ್ಟಿ ನೋಡಿದರು. ನಾಗಪುರದ ಬಿಸಿಲು ಎಂಥೆಂಥವರಿಗೋ ತಲೆಗೇರುತ್ತದೆ, ನಿಜ. ಆದರೆ ಅದು ಸಂಕ್ರಾಂತಿಯ ಸುಮಾರು!

ಬರವಣಿಗೆಗೂ ಒಂದು ಶಿಸ್ತು. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳು ಮುಗಿದ ಹಾಳೆಯ ಬೆನ್ನಿಗೆ ಮಾತ್ರ ಬರೆಯುವುದು. ತಿಂಗಳಿಗೆ ಒಂದು ಹಾಳೆ, ಒಂದು ಹಾಳೆಗೆ ಒಂದು ಅಧ್ಯಾಯ. ತಿಂಗಳು ಮುಗಿಯುವ ಮೊದಲು ಹಾಳೆ ಹರಿಯುವುದು ಅವರ ಲೆಕ್ಕದಲ್ಲಿ ಮಹಾಪಾಪ. ಹೀಗಾಗಿ ನಮ್ಮ ಕಥಾನಾಯಕಿ ಇಡೀ ಮೇ ತಿಂಗಳು ಒಂದು ಕಡಿದಾದ ಬಂಡೆಗೆ ಜೋತುಬಿದ್ದೇ ಇದ್ದಳು ಪಾಪ! ಫೆಬ್ರವರಿ ಎಂದರೆ ನಮಗೆ ಏಕಿಷ್ಟು ಪ್ರೀತಿ ಎಂದು ಸಾಲೆಯಲ್ಲಿ ಪಾಠ ಹೇಳುವ ಬಾಯಿಯವರಿಗೆ ಕೊನೆಗೂ ತಿಳಿಯಲಿಲ್ಲ.

ಕತೆಯಾದರೂ ಎಂಥದು! ಒಂದು ರಾಜ್ಯ. ಅಲ್ಲಿನ ರಾಜ ‘ಒಲ್ಲೆ’ ಎಂಬ ಮಾತನ್ನು ಎಲ್ಲರ ನಾಲಿಗೆಯಿಂದ ಕಿತ್ತು, ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಏಳು ಬೆಟ್ಟದಾಚೆಯ ಕೆರೆಯಲ್ಲಿ ಮುಳುಗಿಸಿದ್ದಾನೆ. ಕಾವಲಿಗೆ ಕಲ್ಲಿನ ಮೊಸಳೆ. ಪ್ರಜೆಗಳು ಹೂಂ ಹೂಂ ಎಂದು ತಲೆಯಾಡಿಸಿ ಆಡಿಸಿ ಅವರ ಕುತ್ತಿಗೆಗಳು ಸಡಿಲಾಗಿಬಿಟ್ಟಿವೆ. ಗಂಗಿ ಎಂಬ ಹುಡುಗಿ ಊರ ಮಕ್ಕಳನ್ನು ಕಟ್ಟಿಕೊಂಡು, ಹಾರುವ ಎಮ್ಮೆಯೊಂದನ್ನೇರಿ ಆ ಪೆಟ್ಟಿಗೆ ತರಲು ಹೊರಡುತ್ತಾಳೆ. ರಾಜನ ವಿರುದ್ಧ! ಹಿರಿಯರ ವಿರುದ್ಧ! ನಮಗೆ ಕೂತಲ್ಲೇ ಬೆವರು. ಇದನ್ನು ನಮ್ಮ ದೊಡ್ಡಪ್ಪನೇ ಓದುತ್ತಿದ್ದಾರೋ, ಅವರ ಮೈಮೇಲೆ ಯಾರಾದರೂ ಬಂದಿದ್ದಾರೋ?

“ದೊಡ್ಡಪ್ಪಾ, ಗಂಗಿ ಅಂದ್ರ ಹಳ್ಳೀ ಹೆಸರಾತು. ಚಂದ್ರಲೇಖಾ ಅಂತ ಇಡ್ರಿ” ಎಂದೆ ನಾನು, ಧೈರ್ಯ ಮಾಡಿ.

“ಹೆಸರು ಬದಲಿ ಆಗೂದಿಲ್ಲ” ಎಂದವರೇ ಆವತ್ತಿನ ಓದು ಅಲ್ಲಿಗೇ ನಿಲ್ಲಿಸಿ ಕನ್ನಡಕ ಒರೆಸುತ್ತ ಕೂತರು. ಕನ್ನಡಕ ಸ್ವಚ್ಛವಾಗಿಯೇ ಇತ್ತು.

ಇನ್ನೊಂದು ರವಿವಾರ ರಾಜನ ಅರಮನೆಯ ವರ್ಣನೆ ಬಂತು. ಬಾಗಿಲಲ್ಲಿ ಸಾಲಾಗಿ ಚಪ್ಪಲಿ, ನಡುಮನೆಯಲ್ಲಿ ದೊಡ್ಡ ಗಂಟೆ. ನನ್ನ ತಮ್ಮ ತಡೆಯಲಾರದೆ ಒದರಿಬಿಟ್ಟ:

“ದೊಡ್ಡಪ್ಪಾ, ಈ ರಾಜಾ ಬರೋಬರ್ ನಿಮ್ಮಂಗ ಅದಾನಲ್ರೀ!”

ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ದೊಡ್ಡಪ್ಪ ಹಾಳೆಯಿಂದ ತಲೆ ಎತ್ತದೆಯೇ ಹೇಳಿದರು:

“ಮತ್ತ? ನನಗೆಲ್ಲಿ ಬ್ಯಾರೆ ರಾಜಂದು ಪರಿಚಯ ಐತಿ?”

ನೆರೆಯ ಮರಾಠಿ ಮಕ್ಕಳಿಗೆ ಕನ್ನಡ ಬಾರದು. ಅವರಿಗೆ ನಾನೇ ಕತೆಯನ್ನು ಮರಾಠಿಯಲ್ಲಿ ಹೇಳುತ್ತಿದ್ದೆ. ನಮ್ಮ ‘ಒಲ್ಲೆ’ ಅವರ ‘ನಕೋ’ ಆಯಿತು. ಆಯಿತಷ್ಟೇ ಅಲ್ಲ, ಸಾಥಿ ರೋಗ ಬಂದ ಹಾಗೆ ಹಬ್ಬಿಬಿಟ್ಟಿತು! ಹಾಲು ನಕೋ, ಔಡಲೆಣ್ಣೆ ನಕೋ, ಗಣಿತ ನಕೋ. ಕ್ವಾರ್ಟರ್ಸಿನ ತಾಯಂದಿರು ಒಂದು ಸಂಜೆ ದಂಡು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದರು. ನಮ್ಮ ಮನೆಗಾ? ನಾಗಪುರದಲ್ಲೇ ಅತಿ ಶಿಸ್ತಿನ ಮನೆಗಾ? ಅವ್ವ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೊಡ್ಡಪ್ಪ ಎಲ್ಲರಿಗೂ ಸಂತ್ರಿ ಕೊಟ್ಟು, ಸಿಪ್ಪೆ ಹೇಗೆ ಸುಲಿಯಬೇಕೆಂದು ಅಡ್ಡಾಗಿ ಉದ್ದಾಗಿ ವಿವರಿಸಿ ಕಳಿಸಿದರು. ಅವರು ಬಂದ ಕಾರಣವನ್ನೇ ಮರೆತು ಹೋದರು.

ಗಂಗಿ ಕೊನೆಗೂ ಪೆಟ್ಟಿಗೆಯೊಂದಿಗೆ ಹಿಂತಿರುಗಿ ರಾಜನೆದುರು ನಿಂತಳು. ಅಲ್ಲಿಗೆ ದೊಡ್ಡಪ್ಪನ ಪೆನ್ನು ನಿಂತಿತು. ತಿಂಗಳುಗಳು ಉರುಳಿದವು. ಬರೆಯದೆ ಉಳಿದ ಹಾಳೆಗಳು ನಮ್ಮ ಪುಸ್ತಕಗಳಿಗೆ ಹೊದಿಕೆಯಾದವು. ನಾನು ಗಂಟುಬಿದ್ದು ಕೇಳಿದೆ, “ಮುಂದೇನಾತ್ರೀ ದೊಡ್ಡಪ್ಪಾ?”

“ಗಂಗಿ ಒಲ್ಲೆ ಅಂತಾಳವಾ.”

“ಅಂದ ಮ್ಯಾಲೆ?”

“ಅದ ನನಗ ಗೊತ್ತಿಲ್ಲ” ಎಂದರು. ಎಲ್ಲವನ್ನೂ ಬಲ್ಲ ದೊಡ್ಡಪ್ಪನ ಬಾಯಲ್ಲಿ ಆ ಮಾತು ಕೇಳಿ ನನಗೆ ದಿಗಿಲಾಯಿತು.

ಅದೇ ವರ್ಷ ನನ್ನ ಸರದಿ ಬಂತು. ಮ್ಯಾಟ್ರಿಕ್ ಪರೀಕ್ಷೆ ಇನ್ನೂ ದೂರವಿತ್ತು, ಹುಬ್ಬಳ್ಳಿಯ ವರ ಮಾತ್ರ ಹತ್ತಿರ ಬಂದೇಬಿಟ್ಟ. ಸಂಬಂಧ ತಂದವರು ಸಾಕ್ಷಾತ್ ದೊಡ್ಡಪ್ಪನೇ. ನನಗೆ ಹಸಿರು ಸೀರೆ ಉಡಿಸಿ ಕೂಡಿಸಿದರು. ಉಪ್ಪಿಟ್ಟು ಆಯಿತು, ಚಹಾ ಆಯಿತು, ಹುಡುಗಿ ಪಸಂದ್ ಎಂದೂ ಆಯಿತು. ವರನ ತಂದೆ ಪದ್ಧತಿಯಂತೆ, “ಹುಡುಗೀದು ಒಪ್ಪಿಗಿ ಐತಿ ಹೌದಲ್ರೀ?” ಎಂದರು. ಇದಕ್ಕೆ ಹಿರಿಯರು ಹೂಂ ಎನ್ನುವುದು ವಾಡಿಕೆ. ಹುಡುಗಿಯನ್ನು ಯಾರು ಕೇಳುತ್ತಾರೆ? ಆದರೆ ನಮ್ಮ ದೊಡ್ಡಪ್ಪನಿಗೆ ಪದ್ಧತಿ ಎಂದರೆ ಪದ್ಧತಿ!

“ತಡೀರಿ. ಆಕೀನ್ನ ಕೇಳಬೇಕಲ್ಲ” ಎಂದು ನನ್ನತ್ತ ತಿರುಗಿದರು. “ಏನವಾ?”

ಪುಸ್ತಕಗಳು ಕಣ್ಣ ಮುಂದೆ ಬಂದವು, ಕಲ್ಲಿನ ಮೊಸಳೆಯೂ ಬಂತು. ಆ ಮಾತು ನನ್ನ ಬಾಯಿಂದ ಹೇಗೆ ಹೊರಬಿತ್ತೋ ನನಗಿಂದಿಗೂ ಗೊತ್ತಿಲ್ಲ.

“ಒಲ್ಲೆ.”

ವರ ಕೈಯಲ್ಲಿದ್ದ ಕಪ್ಪುಬಸಿ ಕೆಳಗಿಟ್ಟ. ಅಪ್ಪ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ದೊಡ್ಡವ್ವ ಬಾಯಿಗೆ ಸೆರಗು ತುರುಕಿಕೊಂಡರು. ಇನ್ನು ದೊಡ್ಡಪ್ಪ ನನ್ನ ಚರ್ಮ ಸುಲಿಯುತ್ತಾರೆ, ಅದೂ ಒಂದೇ ತುಂಡಾಗಿ ಎಂದು ನಾನು ಕಣ್ಣು ಮುಚ್ಚಿದೆ.

ದೊಡ್ಡಪ್ಪ ಬೀಗರಿಗೆ ಕೈ ಜೋಡಿಸಿದರು. “ಹುಡುಗಿ ಒಲ್ಲೆ ಅಂದಾಳ್ರೀ. ಒಲ್ಲೆ ಅಂದ್ರ ಒಲ್ಲೆ. ನಿಮಗ ತ್ರಾಸ ಕೊಟ್ಟೆ, ಮಾಫ್ ಮಾಡ್ರಿ.” ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು, “ನಡೀ ಗಂಗೀ, ಒಳಗ ಹೋಗಿ ಓದ್ಕೋ.”

ನನ್ನ ಹೆಸರು ಗಂಗಿ ಅಲ್ಲ!

ಬೀಗರು ಹೋದ ಮೇಲೆ ಹಿತ್ತಲಲ್ಲಿ ಅಪ್ಪ ನನಗೆ ಹೇಳಿದರು, ಅಳುತ್ತ. “ಗಂಗಿ ಅಂದ್ರ ನಮ್ಮಕ್ಕ. ನಾ ಆಗ ತೊಟ್ಟಿಲದಾಗ ಇದ್ದೆ. ಆಕೀನ್ನ ಎರಡನೇ ಸಂಬಂಧದ ಮುದುಕಗ ಕೊಟ್ಟ್ರು. ಬಂಡಿ ಹತ್ತೂತನಕ ಒಲ್ಲೆ ಒಲ್ಲೆ ಅಂತ ಅತ್ತಳಂತ. ಯಾರೂ ಕೇಳಲಿಲ್ಲ. ಆಕಿ ಟ್ರಂಕ್ ಹೊತ್ತು ಬಂಡೀಗೆ ಇಟ್ಟಾಂವ ನಮ್ಮಣ್ಣನ, ನಿಮ್ಮ ದೊಡ್ಡಪ್ಪ. ಚೊಚ್ಚಲ ಹೆರಿಗ್ಯಾಗ ಹೋದಳು. ತಿರುಗಿ ಮನೀಗೆ ಬರಲಿಲ್ಲ.”

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಮೇಲೆ ಆ ತಿಂಗಳ ಹಾಳೆ ಇರಲಿಲ್ಲ. ತಿಂಗಳಿನ್ನೂ ಅರ್ಧವೂ ಆಗಿರಲಿಲ್ಲ! ದೊಡ್ಡಪ್ಪ ಹಳಿ ಬಡಿಯಲಿಲ್ಲ, ನಮ್ಮನ್ನು ಸಾಲಾಗಿ ಕೂಡಿಸಲೂ ಇಲ್ಲ. ಸಿಕ್ಕಲ್ಲಿ ಸಿಕ್ಕಹಾಗೆ ಕೂತ ನಮಗೆ ಕಡೆಯ ಅಧ್ಯಾಯ ಓದಿದರು. ಬಹಳ ಚಿಕ್ಕದಿತ್ತು. ಗಂಗಿ ಒಲ್ಲೆ ಅಂದಳು. ರಾಜ ಸಿಂಹಾಸನದಿಂದ ಇಳಿದ. ಬಂಡಿಯಲ್ಲಿದ್ದ ಅವಳ ಟ್ರಂಕನ್ನು ತಾನೇ ತಲೆಯ ಮೇಲೆ ಹೊತ್ತು ತಂದು, ಮತ್ತೆ ಅವಳ ಮನೆಯೊಳಗೆ ಇಟ್ಟ.