ಮಾಸ್ತರನ ವೆಬ್‌ಸೈಟ್ ಕೋರ್ಟ್ ಮೆಟ್ಟಲಾ ಹತ್ತಿತು

ಇಂಡಿ ಊರಿನ ವಕೀಲರೊಬ್ಬರ ಹತ್ರ ಕಾರಕೂನಕಿ ಮಾಡಿ ಮಾಡಿ ನನ್ನ ಕೂದಲಾ ಬೆಳ್ಳಗಾದುವು. ಮಂದಿ ಖರೇ ಹೇಳಿದ್ರೂ ನನಗ ಸಂಶೇ ಬರ್ತೈತಿ. ಹಂಗಾಗಿ ನಗೋ ಪ್ರಸಂಗಕ್ಕ ನನ್ನ ಹತ್ರ ಬರಗಾಲ ಇಲ್ಲ.

೧. ಪುರಾವೆ

ಗೀಗೀ ಪದದ ಹಾಡಕಿಯೊಬ್ಬಾಕಿ ಕೇಸ್ ಹಾಕಾಕ ಬಂದ್ಲು. "ನಾ ಕಟ್ಟಿದ ಹಾಡನ್ನ ಆ ಗಂಡಸರ ಮ್ಯಾಳ ತಮ್ಮದಂತ ಮೊಬೈಲಿಗೆ ಬಿಟ್ಟೈತ್ರಿ. ಈಗ ನಾ ಹಾಡಿದ್ರ ನನ್ನ ಕಳ್ಳಿ ಅಂತಾರ!" ಅಂತ ಕಣ್ಣಾಗ ನೀರು ತಂದ್ಲು.

ಕುರ್ಚಿ ಕೊಟ್ಟು ಕುಂದ್ರಿಸಿದೆ. ಆದ್ರೂ ಕೇಳಿದೆ, "ಹಾಡು ನಿಂದ ಅನ್ನಾಕ ಏನವ್ವಾ ಪುರಾವೆ?"

"ನಾನ ಬಂದು ಕುಂತೇನಲ್ರಿ!"

೨. ಅಭಿಮಾನಿ

ಆಕಿ ಹೆಸರಿಲೆ ಒಂದು ವೆಬ್‌ಸೈಟ್ ಐತಂತ ಗೊತ್ತಾತು. ನಡಸಾಂವ ದೇವಣಗಾಂವದ ಸಾಲಿ ಮಾಸ್ತರ. ಆಕಿ ಎಲ್ಲಿ ಹಾಡಿದ್ಲು, ಏನು ಹಾಡಿದ್ಲು, ನಡುವ ಎಷ್ಟು ಸಲ ಚಾ ಕುಡದ್ಲು, ಎಲ್ಲಾ ಬರದಾನ! ಇಷ್ಟು ಪ್ರೀತಿ ಕಂಡು ನನ್ನ ಸಂಶೇ ಜೋರಾತು.

"ಆಕಿ ನಿಮಗೇನಾಗಬೇಕ್ರಿ?"

"ಏನೂ ಇಲ್ರಿ, ಬರೇ ಅಭಿಮಾನ."

"ಬರೇ ಅಭಿಮಾನಕ್ಕ ಆಕಿ ಹೆಸರಿಲೆ ಸೈಟ್ ಮಾಡೀರಿ?"

ಮಾಸ್ತರ ಸಣ್ಣ ದನಿಲೆ ಅಂದ, "ನಮ್ಮ ಮನಿಯಾಕಿನೂ ಹಿಂಗ ಕೇಳ್ತಾಳ್ರಿ. ಆ ಸೈಟ್ ಜಾಗಾದ ಪಹಣಿ-ಉತಾರ ತೋರಸೂತನಾ ತವರಮನಿಯಿಂದ ಬರಂಗಿಲ್ಲಂತ."

೩. ತೀರ್ಪು

ಕೋರ್ಟಿನ್ಯಾಗ ಮ್ಯಾಳದವರು, ಹಾಡು ನಮ್ಮ ಗುರುಗಳದ್ದು ಅಂದ್ರು. ತಮ್ಮ ರೆಕಾರ್ಡಿಂಗ್ ಹಚ್ಚಿದ್ರು. ಅದರಾಗ ಮೂರನೇ ನುಡಿಯ ನಡುವ ಹಿಮ್ಮ್ಯಾಳದವರು ರಾಗ ಎಳದು "ನೀರ ಕುಡಿ ಯಕ್ಕಾ, ನೀರ ಕುಡೀ" ಅಂತ ಹಾಡಿದ್ರು.

"ಯಾರು ಈ ಅಕ್ಕ?" ನ್ಯಾಯಾಧೀಶರು ಕೇಳಿದ್ರು.

ಮ್ಯಾಳದ ಹಿರ್ಯಾ ಕೈ ಮುಗದ. "ಅಕ್ಕ ಅಂದ್ರ ಆತ್ಮರಿ ಸಾಹೇಬ್ರ. ನೀರಂದ್ರ ಜ್ಞಾನ."

ಕುಂತ ಮಂದಿ ಎಲ್ಲಾ ತಲಿ ತೂಗಿತು. ಹಾಡಕಿ ಮಾರಿ ಸಪ್ಪಗಾತು. ಕೇಸ್ ಕೈ ಬಿಟ್ಟಿತು ಅಂದ್ಕೊಂಡೆ.

ಆಗ ನಮ್ಮ ವಕೀಲರು ವೆಬ್‌ಸೈಟಿನ ಹಾಳಿ ಮುಂದಿಟ್ರು. ಮ್ಯಾಳದ ರೆಕಾರ್ಡಿಂಗ್ ಹುಟ್ಟೂದಕ್ಕಿಂತ ಎಷ್ಟೋ ಮೊದಲ ಮಾಸ್ತರ ಬರದಿದ್ದ: "ಮೂರನೇ ನುಡಿಗೆ ಅಕ್ಕನಿಗೆ ಬಿಕ್ಕಳಿಕೆ ಹತ್ತಿತು. ಹಿಮ್ಮೇಳದವರು 'ನೀರ ಕುಡಿ ಯಕ್ಕಾ' ಎಂದರು. ಕುಡಿದು ಹಾಡು ಮುಂದುವರಿಸಿದರು." ಸೈಟಿನ್ಯಾಗ ಅದರ ಕೆಳಗ ಆವತ್ತಿನ ಹಾಡಿನ ರೆಕಾರ್ಡಿಂಗೂ ಇತ್ತು, ಬಿಕ್ಕಳಿಕಿ ಸಮೇತ.

ತೀರ್ಪಿನ್ಯಾಗ ವೆಬ್‌ಸೈಟಿನ ಹೆಸರು ಬಂತು. "ಸದರಿ ಸಾಲು ತತ್ವವಲ್ಲ, ಬಿಕ್ಕಳಿಕೆಗೆ ಉಪಚಾರ" ಅಂತ ನ್ಯಾಯಾಧೀಶರು ಬರದು, ಹಾಡು ಆಕಿದ ಅಂದ್ರು.

"ಗೆದ್ದಿ ನೋಡವ್ವಾ!" ನಾ ಕುಣಿಯೂದೊಂದ ಬಾಕಿ.

ಆಕಿ ಸಿಟ್ಟಿಲೆ ಅಂದ್ಲು, "ಏನ್ ಗೆಲ್ಲೂದ್ರಿ? ಇಷ್ಟು ವರ್ಸ ಹಾಡಿದ್ದನ್ನ ಯಾರೂ ನಂಬಲಿಲ್ಲ. ಒಮ್ಮಿ ಬಿಕ್ಕಳಿಸಿದ್ದನ್ನ ಕೋರ್ಟ ನಂಬಿತು!"