ಬಾಟಲಿ ತುಂಬಿದರೂ ನಿಲ್ಲದ ಯಂತ್ರ

‘ಸಾರಿಗೆ ಉಪ್ಪು ಹದವಾಗಿ ಹಾಕಲು ಬಾರದವಳು ಯಂತ್ರಕ್ಕೆ ಲೆಕ್ಕ ಕಲಿಸ್ತಾಳಂತೆ’ ಎಂದವರು ನನ್ನ ಗಂಡನ ಅಣ್ಣ. ಪಿಯುಸಿ ಫೇಲಾಗಿ, ಮದುವೆಯಾಗಿ ಒಮಾನಿಗೆ ಬಂದವಳು ನಾನು. ಅಲ್ ಗುಬ್ರಾದ ಫ್ಲ್ಯಾಟಿನಲ್ಲಿ ಪುಸ್ತಕ ಓದಿಯೇ ಪ್ರೋಗ್ರಾಮ್ ಬರೆಯಲು ಕಲಿತೆ. ಕಲಿಸಿದವರಿಲ್ಲದ್ದರಿಂದ ತಪ್ಪುಗಳೂ ನನ್ನ ಸ್ವಂತದವೇ. ಅವು ಈಗಲೂ ಆಗುತ್ತಿರುತ್ತವೆ. ಮೊದಲ ಕೆಲಸದಲ್ಲಿ ಆದವನ್ನು ಹೇಳುತ್ತೇನೆ.

ಅಂಟು

ರುಸೈಲ್‌ನಲ್ಲಿ ಖರ್ಜೂರದ ಪಾಕದ ಕಾರ್ಖಾನೆ. ಬಾಟಲಿ ತುಂಬುವ ಒಂದು ಯಂತ್ರವನ್ನು ನನ್ನ ಪ್ರೋಗ್ರಾಮಿನಿಂದ ಸರಿಯಾಗಿ ನಡೆಸಿ ತೋರಿಸಿದರೆ ಉಳಿದವೂ ನನಗೆ, ಇಲ್ಲದಿದ್ದರೆ ಮನೆಗೆ. ಬಾಟಲಿಗೆ ೦.೧ ಲೀಟರಿನಂತೆ ಸುರಿಯುತ್ತ ಹೋಗು, ಮೊತ್ತ ೦.೩ಕ್ಕೆ ಸಮವಾದಾಗ ನಿಲ್ಲು ಎಂದು ಬರೆದಿದ್ದೆ. ಕಂಪ್ಯೂಟರಿನೊಳಗೆ ೦.೧ ಎಂಬುದು ಕರಾರುವಾಕ್ಕಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ಹೆಚ್ಚಿರುತ್ತದೆ. ಮೂರು ಸಲ ಕೂಡಿದರೆ ೦.೩ನ್ನು ದಾಟಿಬಿಡುತ್ತದೆ. ಸಮವಾಗಲೇ ಇಲ್ಲ, ಯಂತ್ರ ನಿಲ್ಲಲೇ ಇಲ್ಲ. ಪಾಕ ನೆಲಕ್ಕಿಳಿಯಿತು.

ಮಂಗಳೂರಿನ ಸೂಪರ್‌ವೈಸರ್ ಓಡಿ ಬಂದು ಸ್ವಿಚ್ ಆರಿಸಿ, ಬರಿಗಾಲಲ್ಲಿ ನಿಂತರು. ‘ಅಕ್ಕಾ, ನಿಮ್ಮ ಲೆಕ್ಕ ನಿಲ್ಲದಿದ್ದರೂ ನನ್ನ ಚಪ್ಪಲಿ ಅಲ್ಲೇ ನಿಂತಿತು ಮಾರಾಯ್ರೆ.’

ಸಮಾಧಾನ

ಆ ಸಂಜೆ ಊಟ ಬಿಟ್ಟು ಕೂತೆ. ಗಂಡ ತಟ್ಟೆ ಹಿಡಿದು ಬಂದರು. ‘೦.೧ನ್ನು ಮೂರು ಸಲ ಕೂಡಿದರೆ ೦.೩ ಅಂತ ಕೂಸಿಗೂ ಗೊತ್ತು. ನಿನ್ನ ಕಂಪ್ಯೂಟರಿಗೆ ಗೊತ್ತಿಲ್ವಾ?’

ಐದನೇ ಕ್ಲಾಸಿನ ಮಗಳು ನನ್ನ ಬೆನ್ನು ಸವರಿದಳು. ‘ಇಟ್ಸ್ ಓಕೆ ಅಮ್ಮಾ. ಡೆಸಿಮಲ್ಸ್ ಈಸ್ ಹಾರ್ಡ್. ಐ ಆಲ್ಸೋ ಫೇಲ್ಡ್.’

ಅವಳು ಫೇಲಾದದ್ದು ನಮಗೆ ತಿಳಿದದ್ದು ಆಗಲೇ.

ಮೈನಸ್

‘ಸಮವಾದಾಗ’ ಎಂಬುದನ್ನು ‘ಹತ್ತಿರ ಬಂದಾಗ’ ಎಂದು ತಿದ್ದಿದೆ. ಯಂತ್ರ ಚೆನ್ನಾಗಿ ಓಡಿತು, ವಾರಗಟ್ಟಲೆ. ಮಾಲೀಕರು ನೋಡಲು ಬಂದರು: ಹಿಂದಿ ಬಲ್ಲ, ವಯಸ್ಸಾದ ಒಮಾನಿ. ಬಾಟಲಿ ಎಣಿಸಲು ನಾನು ಕೊಟ್ಟಿದ್ದ ಜಾಗದಲ್ಲಿ ೩೨,೭೬೭ರವರೆಗಿನ ಸಂಖ್ಯೆಯಷ್ಟೇ ಹಿಡಿಯುತ್ತಿತ್ತು. ಲೆಕ್ಕ ಅಷ್ಟಕ್ಕೇ ಬಂದು ಮುಟ್ಟಿತ್ತು. ಅವರ ಕಣ್ಣೆದುರೇ ಇನ್ನೊಂದು ಬಾಟಲಿ ತುಂಬಿತು. ಪರದೆಯ ಮೇಲೆ: ಮೈನಸ್ ೩೨,೭೬೮.

‘ಖಲಾಸ್’ ಎಂದರು ಸೂಪರ್‌ವೈಸರ್, ಮೆಲ್ಲಗೆ.

ನಾನು ತಲೆ ತಗ್ಗಿಸಲಿಲ್ಲ. ‘ತಪ್ಪು ನನ್ನದು, ಬಾಬಾ. ಇಷ್ಟೊಂದು ತುಂಬುತ್ತದೆಂದು ಎಣಿಸಿರಲಿಲ್ಲ. ಜಾಗ ಸಾಲದೆ ಲೆಕ್ಕ ತಲೆಕೆಳಗಾಗಿದೆ. ಈಗಲೇ ಸರಿಮಾಡುತ್ತೇನೆ.’

ಮುದುಕರು ಗಡ್ಡ ನೀವಿಕೊಂಡರು. ‘ಹೆಚ್ಚು ಮಾಲು ತಯಾರಾದ ದಿನವೇ ನಷ್ಟ ತೋರಿಸುವುದು ಇಲ್ಲಿ ಹೊಸದಲ್ಲ ಮಗಳೇ. ಮೊದಲೆಲ್ಲ ಅದಕ್ಕೊಬ್ಬ ಮ್ಯಾನೇಜರ್ ಬೇಕಾಗುತ್ತಿದ್ದ.’ ಹಿಂದೆ ನಿಂತಿದ್ದ ಮ್ಯಾನೇಜರ್ ಕೆಮ್ಮಿದರು. ಮುದುಕರು ಅವರತ್ತ ತಿರುಗಿದರು. ‘ಯಲ್ಲಾ, ನಡೀರಿ, ಉಳಿದ ಯಂತ್ರಗಳನ್ನೂ ಇವಳಿಗೇ ಕೊಡಿ.’

ಈಗ ರುಸೈಲ್‌ನಲ್ಲಿ ನನ್ನದೇ ಎರಡು ಕೋಣೆಯ ಆಫೀಸಿದೆ. ಅದಕ್ಕೆ ತೆತ್ತದ್ದು ಅವ್ವ ಕೊಟ್ಟ ಬಳೆಗಳು, ಒಂದು ಜೊತೆ ಒಳ್ಳೆಯ ಕಣ್ಣು, ಮತ್ತು ನಾನು ನೋಡದೇ ಹೋದ ಮಗಳ ಸ್ಕೂಲಿನ ಡ್ಯಾನ್ಸುಗಳು.